ಬ್ರೌಸರ್ ಕುಸಿದಾಗ: ಪ್ಲಗಿನ್, ಎಕ್ಸ್‌ಟೆನ್ಷನ್ ಮತ್ತು ದೋಷಶೋಧನೆಯ ವಿಧಾನ

ಪಾಠದ ವೀಡಿಯೊ ಓಡುತ್ತಿರುವಾಗಲೇ ಬ್ರೌಸರ್ ಪರದೆಯಿಂದ ಮಾಯವಾಗುವುದು ಗಣಕ ಬಳಸುವವರೆಲ್ಲರಿಗೂ ಪರಿಚಿತ. ಮನೆಯಲ್ಲಾದರೆ ಮತ್ತೆ ತೆರೆದರೆ ಮುಗಿಯಿತು. ಆದರೆ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕೋಡ್ಲಾದಂಥ ಊರಿನಲ್ಲಿ ಒಂದು ಪ್ರೌಢಶಾಲೆಯ ಗಣಕ ಕೊಠಡಿಯನ್ನು ಊಹಿಸಿಕೊಳ್ಳಿ. ಒಂದು ತರಗತಿಗೆ ಸಿಗುವುದು ವಾರಕ್ಕೆ ಒಂದೇ ಅವಧಿ. ಆ ನಲವತ್ತೈದು ನಿಮಿಷದಲ್ಲಿ ಬ್ರೌಸರ್ ಮೂರು ಸಲ ಕುಸಿದರೆ ಪಾಠ ನಿಂತಂತೆಯೇ. ಎರಡು ವಾರ ಹೀಗಾದರೆ ‘ಗಣಕ ಕೆಟ್ಟಿದೆ’ ಎಂಬ ಮಾತು ಹಬ್ಬುತ್ತದೆ, ಮೂರನೆಯ ವಾರ ಕೊಠಡಿಗೆ ಬೀಗ ಬೀಳುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಗಣಕವಲ್ಲ, ಅದರೊಳಗಿನ ಒಂದು ಚಿಕ್ಕ ತಂತ್ರಾಂಶ. ಅದನ್ನು ಕಂಡುಹಿಡಿಯಲು ತಂತ್ರಜ್ಞರೇ ಬರಬೇಕೆಂದಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಮಕ್ಕಳಿಗೆ ಕಲಿಸುವ ವಿಧಾನವೇ ಸಾಕು.

ಕುಸಿತ ಎಂದರೇನು?

ಕಾರ್ಯಾಚರಣ ವ್ಯವಸ್ಥೆಯು ಪ್ರತಿಯೊಂದು ಪ್ರೊಸೆಸ್‌ಗೆ, ಎಂದರೆ ಚಾಲನೆಯಲ್ಲಿರುವ ಪ್ರತಿಯೊಂದು ತಂತ್ರಾಂಶಕ್ಕೆ, ಸ್ಮೃತಿಯಲ್ಲಿ ಬೇರೆ ಬೇರೆ ಜಾಗ ಗೊತ್ತುಮಾಡಿರುತ್ತದೆ. ಪ್ರೊಸೆಸ್ ತನ್ನದಲ್ಲದ ಜಾಗವನ್ನು ಓದಲು ಅಥವಾ ಬರೆಯಲು ಹೊರಟರೆ ವ್ಯವಸ್ಥೆ ಅದನ್ನು ಆ ಕ್ಷಣವೇ ನಿಲ್ಲಿಸಿಬಿಡುತ್ತದೆ. ಕೇಳಿದಷ್ಟು ಸ್ಮೃತಿ ಸಿಗದಿದ್ದಾಗಲೂ ಹೀಗಾಗಬಹುದು. ಇದೇ ಕುಸಿತ ಅಥವಾ ಕ್ರ್ಯಾಶ್. ಇತರ ತಂತ್ರಾಂಶಗಳು ಹಾಳಾಗದಂತೆ ವ್ಯವಸ್ಥೆ ಕೈಗೊಳ್ಳುವ ರಕ್ಷಣಾ ಕ್ರಮ ಇದು.

ವೀಡಿಯೊ ನೋಡುವಾಗಲೇ ಕುಸಿತ ಹೆಚ್ಚಲು ಕಾರಣ ಅದರ ಹೊರೆ. 1920×1080 ಬಿಂದುಗಳ ಒಂದು ಚಿತ್ರದಲ್ಲಿ ಪ್ರತಿ ಬಿಂದುವಿಗೆ 4 ಬೈಟ್ ಬೇಕೆಂದರೆ ಚಿತ್ರವೊಂದಕ್ಕೆ ಸುಮಾರು 8.3 ಮೆಗಾಬೈಟ್. ಸೆಕೆಂಡಿಗೆ 30 ಚಿತ್ರಗಳೆಂದರೆ ಸುಮಾರು 250 ಮೆಗಾಬೈಟ್. ಜಾಲದಿಂದ ಬರುವುದು ಇದರ ಅತಿ ಚಿಕ್ಕ ಸಂಕುಚಿತ ರೂಪ. ಅದನ್ನು ಬಿಡಿಸಿ ಪರದೆಗೆ ಹರಿಸುವ ಕೆಲಸ ಗಣಕದ್ದು. ಪಠ್ಯ ಓದುವಾಗ ತೋರದ ದೋಷ ಈ ಒತ್ತಡದಲ್ಲಿ ಹೊರಬೀಳುತ್ತದೆ.

ಒಂದೇ ಫ್ಯೂಸಿನ ಮನೆ

1990ರ ದಶಕದ ಬ್ರೌಸರ್‌ಗಳಿಗೆ ವೀಡಿಯೊ ತೋರಿಸುವ ಶಕ್ತಿ ಇರಲಿಲ್ಲ. ಅದಕ್ಕಾಗಿ ನೆಟ್‌ಸ್ಕೇಪ್ ನ್ಯಾವಿಗೇಟರ್‌ನ ಎರಡನೆಯ ಆವೃತ್ತಿಯಲ್ಲಿ ಹೊರಗಿನ ತಂತ್ರಾಂಶಗಳನ್ನು ಸೇರಿಸಿಕೊಳ್ಳುವ ಏರ್ಪಾಡು ಬಂದಿತು. ಇವೇ ಪ್ಲಗಿನ್‌ಗಳು. ಫ್ಲ್ಯಾಶ್, ಜಾವಾ, ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್, ಸಿಲ್ವರ್‌ಲೈಟ್ ಈ ಗುಂಪಿಗೆ ಸೇರಿದವು. ಅನುಕೂಲದ ಜೊತೆಗೆ ಒಂದು ತೊಡಕೂ ಬಂದಿತು. ಪ್ಲಗಿನ್ ಬ್ರೌಸರ್‌ನ ಪ್ರೊಸೆಸ್‌ನೊಳಗೇ, ಅದರ ಸ್ಮೃತಿಯನ್ನೇ ಹಂಚಿಕೊಂಡು ಓಡುತ್ತಿತ್ತು. ಇಡೀ ಮನೆಗೆ ಒಂದೇ ಫ್ಯೂಸ್ ಇದ್ದಂತೆ: ಅಡುಗೆಮನೆಯ ಮಿಕ್ಸರ್ ಕೆಟ್ಟರೂ ಓದುವ ಕೋಣೆಯ ದೀಪ ಆರುತ್ತದೆ.

ಪ್ರತಿ ಕೋಣೆಗೂ ಬೇರೆ ಫ್ಯೂಸ್ ಹಾಕುವುದೇ ಪರಿಹಾರ. 2008ರ ಸೆಪ್ಟೆಂಬರ್‌ನಲ್ಲಿ ಬಂದ ಕ್ರೋಮ್, ಪುಟಗಳಿಗೂ ಪ್ಲಗಿನ್‌ಗಳಿಗೂ ಪ್ರತ್ಯೇಕ ಪ್ರೊಸೆಸ್ ಕೊಟ್ಟಿತು. 2010ರ ಜೂನ್‌ನಲ್ಲಿ ಫೈರ್‌ಫಾಕ್ಸ್ 3.6.4ನೇ ಆವೃತ್ತಿ ಪ್ಲಗಿನ್‌ಗಳನ್ನು ಹೊರಗಿನ ಪ್ರೊಸೆಸ್‌ಗೆ ಸಾಗಿಸಿತು. ಆಮೇಲೆ ಫ್ಲ್ಯಾಶ್ ಕುಸಿದರೆ ಪುಟದಲ್ಲಿ ಒಂದು ಬೂದು ಚೌಕ ಕಾಣುತ್ತಿತ್ತೇ ಹೊರತು ಬ್ರೌಸರ್ ಸಾಯುತ್ತಿರಲಿಲ್ಲ.

ಮುಂದೆ ವೀಡಿಯೊ ತೋರಿಸುವ ಶಕ್ತಿ ಎಚ್‌ಟಿಎಂಎಲ್-5ರ ಮೂಲಕ ಬ್ರೌಸರ್‌ಗೇ ಬಂದು, ಹಳೆಯ ಪ್ಲಗಿನ್‌ಗಳು ಒಂದೊಂದಾಗಿ ಹೊರಬಿದ್ದವು. ಕ್ರೋಮ್ 2015ರಲ್ಲಿ ಹಳೆಯ ಪ್ಲಗಿನ್ ಏರ್ಪಾಡನ್ನು ಕಿತ್ತುಹಾಕಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಕೈಬಿಟ್ಟಿತು. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ಪಾಠಗಳನ್ನು ತೋರಿಸುವುದನ್ನೇ ನಿರಾಕರಿಸಿತು.

ಆದ್ದರಿಂದ ‘ಫ್ಲ್ಯಾಶ್ ಹಳೆಯದಾಗಿದೆ, ಹೊಸದನ್ನು ಇಳಿಸಿಕೊಳ್ಳಿ’ ಎಂದು ಇಂದು ಯಾವುದೇ ಪುಟ ಕೇಳಿದರೆ ಅದು ವಂಚನೆ ಎಂದೇ ತಿಳಿಯಬೇಕು. ಮಕ್ಕಳಿಗೂ ಇದನ್ನು ಹೇಳಿಕೊಡಬೇಕು. ಹಳೆಯ ಸಿ.ಡಿ.ಗಳಲ್ಲಿರುವ ಫ್ಲ್ಯಾಶ್ ಪಾಠಗಳು ಬೇಕೇ ಬೇಕೆಂದರೆ ‘ರಫಲ್’ ಎಂಬ ಮುಕ್ತ ತಂತ್ರಾಂಶ ಅವುಗಳಲ್ಲಿ ಬಹಳಷ್ಟನ್ನು ತೋರಿಸಬಲ್ಲದು. ಭೌತವಿಜ್ಞಾನದ ಅಧ್ಯಾಪಕರಿಗೆ ಇನ್ನೊಂದು ದಾರಿಯೂ ಇದೆ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಅವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಪ್ರಯೋಗಗಳು ಮೊದಲು ಜಾವಾ ಮತ್ತು ಫ್ಲ್ಯಾಶ್‌ನಲ್ಲಿದ್ದವು. ಅವುಗಳಲ್ಲಿ ಅನೇಕವು ಈಗ ಎಚ್‌ಟಿಎಂಎಲ್-5ಕ್ಕೆ ಬದಲಾಗಿವೆ. ಗಣಿತದ ಜಿಯೋಜೀಬ್ರಾ ಕೂಡ ಜಾವಾ ಬಿಟ್ಟು ಇದೇ ದಾರಿ ಹಿಡಿದಿದೆ. ಇವಕ್ಕೆ ಯಾವ ಪ್ಲಗಿನ್ನೂ ಬೇಡ.

ಇಂದಿನ ಸಂಶಯಿತರು

ಹಾಗಾದರೆ ಈಗ ಕುಸಿತಕ್ಕೆ ಕಾರಣ ಯಾರು? ಮುಖ್ಯವಾಗಿ ನಾಲ್ವರು.

ಮೊದಲನೆಯದು ಎಕ್ಸ್‌ಟೆನ್ಷನ್‌ಗಳು: ಜಾಹೀರಾತು ತಡೆಯುವವು, ವೀಡಿಯೊ ಇಳಿಸಿಕೊಳ್ಳುವವು, ಧ್ವನಿ ಹೆಚ್ಚಿಸುವವು ಇತ್ಯಾದಿ. ಫೈರ್‌ಫಾಕ್ಸ್‌ನ ಹಳೆಯ ಎಕ್ಸ್‌ಟೆನ್ಷನ್‌ಗಳು ಬ್ರೌಸರ್‌ನ ಒಳಭಾಗಕ್ಕೇ ಕೈಹಾಕಬಲ್ಲವಾಗಿದ್ದವು. 2017ರ ನವೆಂಬರ್‌ನಲ್ಲಿ 57ನೇ ಆವೃತ್ತಿ ಅದನ್ನು ನಿಲ್ಲಿಸಿತು. ಈಗಿನವು ಸ್ಮೃತಿಯನ್ನು ನೇರವಾಗಿ ಕೆಡಿಸಲಾರವು. ಆದರೆ ಅವು ತೆರೆದ ಪ್ರತಿ ಪುಟದಲ್ಲೂ ಓಡಬಲ್ಲವು. ಒಂದು ಎಕ್ಸ್‌ಟೆನ್ಷನ್ ಪುಟಕ್ಕೆ 30 ಮೆಗಾಬೈಟ್ ತಿನ್ನುತ್ತದೆ ಎಂದುಕೊಂಡರೆ 12 ಪುಟಗಳಿಗೆ 360 ಮೆಗಾಬೈಟ್ ಆಯಿತು. 2 ಗಿಗಾಬೈಟ್ ಸ್ಮೃತಿಯ ಹಳೆಯ ಗಣಕಕ್ಕೆ ಇದು ಚಿಕ್ಕ ಹೊರೆಯಲ್ಲ.

ಎರಡನೆಯದು ಗ್ರಾಫಿಕ್ಸ್ ಡ್ರೈವರ್. ಬ್ರೌಸರ್ ವೀಡಿಯೊ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುತ್ತದೆ. ಡ್ರೈವರ್ ಹಳೆಯದಾಗಿದ್ದರೆ ತಪ್ಪು ಅಲ್ಲಿ ಹುಟ್ಟುತ್ತದೆ.

ಮೂರನೆಯದು ಹೊರಗಿನಿಂದ ಬ್ರೌಸರ್‌ನೊಳಗೆ ನುಗ್ಗುವ ತಂತ್ರಾಂಶಗಳು. ಕೆಲವು ವೈರಸ್ ನಿರೋಧಕಗಳು ಇಂಥವು. ಇಂಥ ತಂತ್ರಾಂಶವಿರುವ ವಿಂಡೋಸ್ ಗಣಕಗಳಲ್ಲಿ ಕ್ರೋಮ್ ಕುಸಿಯುವ ಸಂಭವ ಶೇಕಡ 15ರಷ್ಟು ಹೆಚ್ಚು ಎಂದು ಗೂಗಲ್ 2017ರಲ್ಲಿ ತಿಳಿಸಿತು. ಮರುವರ್ಷವೇ ಇಂಥ ಪ್ರವೇಶವನ್ನು ತಡೆಯಲಾರಂಭಿಸಿತು.

ನಾಲ್ಕನೆಯದು ಯಂತ್ರಾಂಶ. ಇದರ ಮಾತು ಮುಂದೆ ಬರುತ್ತದೆ.

ಶೋಧನೆಯ ಹೆಜ್ಜೆಗಳು

1. ಮೊದಲು ಲಕ್ಷಣವನ್ನು ಬರೆದಿಡಿ. ಒಂದು ಪುಟ ಮಾತ್ರ ಸತ್ತಿತೇ, ಇಡೀ ಬ್ರೌಸರ್ ಮುಚ್ಚಿತೇ, ಅಥವಾ ಗಣಕವೇ ಆರಿ ಮತ್ತೆ ಹೊತ್ತಿತೇ? ಗಣಕವೇ ಆರಿದ್ದರೆ ಎಕ್ಸ್‌ಟೆನ್ಷನ್‌ನ ಮೇಲೆ ಸಂಶಯ ಬೇಡ. ವಿದ್ಯುತ್ತು, ಬಿಸಿ, ಸ್ಮೃತಿ ಚಿಪ್ ಇವನ್ನು ನೋಡಿ. ಸಮಯ, ಪುಟ, ತೆರೆದಿದ್ದ ಟ್ಯಾಬ್‌ಗಳ ಸಂಖ್ಯೆ ಇವನ್ನೂ ದಾಖಲಿಸಿ.

2. ಬ್ರೌಸರ್ ತಾನೇ ಬರೆದಿಟ್ಟ ದಾಖಲೆ ನೋಡಿ. ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಬೌಟ್’, ಕೋಲನ್ ಚಿಹ್ನೆ, ‘ಕ್ರ್ಯಾಶಸ್’ ಎಂದು ಟೈಪಿಸಿದರೆ ಹಿಂದಿನ ಕುಸಿತಗಳ ಪಟ್ಟಿ ಸಿಗುತ್ತದೆ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ ಎಷ್ಟು ಸ್ಮೃತಿ ತಿನ್ನುತ್ತಿದೆ ಎಂಬುದು ಕಾಣುತ್ತದೆ.

3. ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ನಿಲ್ಲಿಸಿ ಅದೇ ವೀಡಿಯೊ ಓಡಿಸಿ. ಆಗಲೂ ಕುಸಿದರೆ ಅವು ನಿರ್ದೋಷಿಗಳು. ಫೈರ್‌ಫಾಕ್ಸ್‌ನ ಸಹಾಯ ಮೆನುವಿನಲ್ಲಿ ‘ಟ್ರಬಲ್‌ಶೂಟ್ ಮೋಡ್’ ಇದೆ. ಅದು ಎಕ್ಸ್‌ಟೆನ್ಷನ್‌ಗಳ ಜೊತೆಗೆ ಗ್ರಾಫಿಕ್ಸ್ ಚಿಪ್‌ನ ಬಳಕೆಯನ್ನೂ ನಿಲ್ಲಿಸುತ್ತದೆ ಎಂಬುದು ನೆನಪಿರಲಿ. ಅಲ್ಲಿ ಕುಸಿತ ನಿಂತರೆ ಸಂಶಯ ಇಬ್ಬರ ಮೇಲೂ ಉಳಿಯುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಹಾರ್ಡ್‌ವೇರ್ ಆಕ್ಸಿಲರೇಷನ್ ಒಂದನ್ನೇ ನಿಲ್ಲಿಸಿ ಪರೀಕ್ಷಿಸಿದರೆ ಇಬ್ಬರೂ ಬೇರೆಯಾಗುತ್ತಾರೆ. ಒಂದು ಸಲಕ್ಕೆ ಒಂದೇ ಚರಾಂಶವನ್ನು ಬದಲಿಸಬೇಕೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

4. ದೋಷ ಎಕ್ಸ್‌ಟೆನ್ಷನ್‌ಗಳಲ್ಲೇ ಇದೆ ಎಂದಾದರೆ ಅರ್ಧಿಸುವ ವಿಧಾನ ಬಳಸಿ. ಎಂಟು ಇದ್ದರೆ ನಾಲ್ಕನ್ನು ಮಾತ್ರ ಚಾಲೂ ಮಾಡಿ. ಕುಸಿದರೆ ದೋಷಿ ಆ ನಾಲ್ಕರಲ್ಲಿದೆ, ಇಲ್ಲದಿದ್ದರೆ ಉಳಿದ ನಾಲ್ಕರಲ್ಲಿ. ಮುಂದೆ ಎರಡು, ಆಮೇಲೆ ಒಂದು. ಎಂಟಕ್ಕೆ ಮೂರು ಸುತ್ತು, ಹದಿನಾರಕ್ಕೆ ನಾಲ್ಕು ಸುತ್ತು ಸಾಕು.

5. ಸಿಕ್ಕ ದೋಷಿಯನ್ನು ಎರಡೂ ಕಡೆಯಿಂದ ದೃಢಪಡಿಸಿ. ಅದೊಂದೇ ಇದ್ದಾಗ ಕುಸಿಯಬೇಕು. ಅದೊಂದನ್ನು ಬಿಟ್ಟು ಉಳಿದವೆಲ್ಲ ಇದ್ದಾಗ ಕುಸಿಯಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ಎರಡು ಎಕ್ಸ್‌ಟೆನ್ಷನ್‌ಗಳ ನಡುವಿನ ಜಗಳವೇ ಕಾರಣವಿರಬಹುದು.

ಎಷ್ಟು ಸಲ ಪರೀಕ್ಷಿಸಬೇಕು?

ಕುಸಿತ ಪ್ರತಿ ಸಲವೂ ಆಗುವುದಿಲ್ಲ ಎಂಬುದೇ ನಿಜವಾದ ಕಷ್ಟ. ವೀಡಿಯೊ ಒಮ್ಮೆ ಓಡಿಸಿ ‘ಸರಿಹೋಯಿತು’ ಎನ್ನುವಂತಿಲ್ಲ. ಮೂರರಲ್ಲಿ ಒಂದು ಸಲ ಕುಸಿಯುವ ದೋಷವಿದ್ದರೆ, ಅದು ಇದ್ದೂ ಒಂದು ಪರೀಕ್ಷೆಯಲ್ಲಿ ತೋರದಿರುವ ಸಂಭವ 2/3. ಎಂಟು ಸಲವೂ ತೋರದಿರುವ ಸಂಭವ 2/3ರ ಎಂಟನೆಯ ಘಾತ, ಸುಮಾರು 0.04. ಆದ್ದರಿಂದ ಎಂಟು ಸಲ ನಿರಾತಂಕವಾಗಿ ಓಡಿದರೆ ಆ ಗುಂಪನ್ನು ಬಹುಮಟ್ಟಿಗೆ ನಂಬಬಹುದು. ಐದರಲ್ಲಿ ಒಂದು ಸಲ ಕುಸಿಯುವುದಾದರೆ 14 ಪರೀಕ್ಷೆ, ಹತ್ತರಲ್ಲಿ ಒಂದಾದರೆ 29 ಪರೀಕ್ಷೆ ಬೇಕು. ಸ್ಥೂಲ ಸೂತ್ರ ಹೀಗಿದೆ: ಮೂರನ್ನು ಕುಸಿತದ ಸಂಭವನೀಯತೆಯಿಂದ ಭಾಗಿಸಿದರೆ ಬೇಕಾದ ಪರೀಕ್ಷೆಗಳ ಸಂಖ್ಯೆ ಬರುತ್ತದೆ. ಒಂದು ಸಲ ಕುಸಿದರಂತೂ ಅಲ್ಲಿಗೇ ನಿಲ್ಲಿಸಬಹುದು. ದೋಷ ಆ ಗುಂಪಿನಲ್ಲಿದೆ ಎಂಬುದು ಸಿದ್ಧವಾಯಿತು. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠಕ್ಕೆ ನಾಣ್ಯ ಚಿಮ್ಮುವುದಕ್ಕಿಂತ ಇದು ಒಳ್ಳೆಯ ಉದಾಹರಣೆ.

ಧೂಳು ಮತ್ತು ಬಿಸಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸುಣ್ಣದಕಲ್ಲಿನ ಸೀಮೆ. ಕಲ್ಲುಗಣಿ ಮತ್ತು ಸಿಮೆಂಟು ಕಾರ್ಖಾನೆಗಳ ಈ ಭಾಗದಲ್ಲಿ ಬಿಸಿಲೂ ಧೂಳೂ ಹೆಚ್ಚು. ಇವೆರಡೂ ಸೇರಿದರೆ ಪ್ಲಗಿನ್ ದೋಷದಂತೆಯೇ ಕಾಣುವ ಇನ್ನೊಂದು ದೋಷ ಹುಟ್ಟುತ್ತದೆ.

ಸಂಸ್ಕಾರಕದ ತಾಪವು ಕೋಣೆಯ ತಾಪಕ್ಕೆ, ಅದು ಬಳಸುವ ಶಕ್ತಿ ಮತ್ತು ಉಷ್ಣರೋಧಗಳ ಗುಣಲಬ್ಧವನ್ನು ಕೂಡಿಸಿದಷ್ಟು ಇರುತ್ತದೆ. 65 ವ್ಯಾಟ್ ಬಳಸುವ ಸಂಸ್ಕಾರಕಕ್ಕೆ ಉಷ್ಣರೋಧ ವ್ಯಾಟಿಗೆ 0.5 ಡಿಗ್ರಿ ಎಂದಿಟ್ಟುಕೊಳ್ಳಿ. ಕೋಣೆಯ ತಾಪ 40 ಡಿಗ್ರಿ ಇದ್ದರೆ ಸಂಸ್ಕಾರಕದ್ದು 72.5 ಡಿಗ್ರಿ; ಚಿಂತೆಯಿಲ್ಲ. ಶಾಖಹಾರಕದ ಪಟ್ಟಿಗಳ ನಡುವೆ ಧೂಳು ತುಂಬಿ ಉಷ್ಣರೋಧ ಇಮ್ಮಡಿಯಾದರೆ ಅದು 105 ಡಿಗ್ರಿಗೆ ಏರುತ್ತದೆ. ಅಷ್ಟರೊಳಗೆ ಸಂಸ್ಕಾರಕ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ ಅಥವಾ ಗಣಕ ಆರಿಹೋಗುತ್ತದೆ. ಅದೇ ಧೂಳು ತುಂಬಿದ ಗಣಕ ಡಿಸೆಂಬರ್‌ನಲ್ಲಿ, ಕೋಣೆಯ ತಾಪ 25 ಡಿಗ್ರಿ ಇದ್ದಾಗ, 90 ಡಿಗ್ರಿಯಲ್ಲಿ ಹೇಗೋ ಓಡುತ್ತಿರುತ್ತದೆ.

ಮೋಸ ಎಲ್ಲಿದೆ ಎಂದರೆ, ಪಠ್ಯ ಓದುವಾಗ ಸಂಸ್ಕಾರಕ ಪೂರ್ಣ ಶಕ್ತಿ ಬಳಸುವುದೇ ಇಲ್ಲ. ವೀಡಿಯೊ ಬಂದಾಗ ಬಳಸುತ್ತದೆ. ಹಳೆಯ ಗ್ರಾಫಿಕ್ಸ್ ಚಿಪ್‌ಗೆ ಹೊಸ ವೀಡಿಯೊ ಸಂಕೇತಗಳು ಅರ್ಥವಾಗದ ಕಾರಣ ಪೂರ್ಣ ಹೊರೆ ಸಂಸ್ಕಾರಕದ ಮೇಲೆಯೇ ಬೀಳುತ್ತದೆ. ಹೀಗಾಗಿ ‘ವೀಡಿಯೊ ಹಾಕಿದಾಗ ಮಾತ್ರ ನಿಲ್ಲುತ್ತದೆ’ ಎಂಬ ಲಕ್ಷಣ ಪ್ಲಗಿನ್‌ನತ್ತ ಬೆರಳು ತೋರಿಸುತ್ತದೆ, ತಪ್ಪು ಮಾತ್ರ ಧೂಳಿನದಾಗಿರುತ್ತದೆ. ಬೇರ್ಪಡಿಸುವ ಉಪಾಯ ಸರಳ. ಅದೇ ವೀಡಿಯೊ ಕಡತವನ್ನು ಬ್ರೌಸರ್ ಇಲ್ಲದೆ ವಿಎಲ್‌ಸಿಯಂಥ ತಂತ್ರಾಂಶದಲ್ಲಿ ಅರ್ಧ ಗಂಟೆ ಓಡಿಸಿ. ಅಲ್ಲಿಯೂ ಗಣಕ ನಿಂತರೆ ಬ್ರೌಸರ್ ನಿರ್ದೋಷಿ. ವಿದ್ಯುತ್ ಸಂಪರ್ಕ ತಪ್ಪಿಸಿ, ಪೆಟ್ಟಿಗೆ ತೆರೆದು, ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಫ್ಯಾನಿನ ಎಲೆಗಳು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು.

ತಡೆಯುವುದು ಹೇಗೆ?

ಶಾಲೆಯ ಗಣಕಗಳಲ್ಲಿ ಪಾಠಕ್ಕೆಂದೇ ಒಂದು ಪ್ರತ್ಯೇಕ ಪ್ರೊಫೈಲ್ ಮಾಡಿ, ಅದರಲ್ಲಿ ಎಕ್ಸ್‌ಟೆನ್ಷನ್ ಒಂದೂ ಇಲ್ಲದಂತೆ ನೋಡಿಕೊಳ್ಳಿ. ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸಿ. ವಿಂಡೋಸ್ 7 ಇರುವ ಗಣಕಗಳಿಗೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆಯದು. ಅಂಥವುಗಳಲ್ಲಿ ಲಿನಕ್ಸ್ ಹಾಕುವುದು ಒಳ್ಳೆಯ ಆಯ್ಕೆ.

ಬೇಡದ ಎಕ್ಸ್‌ಟೆನ್ಷನ್ ತೆಗೆಯುವುದರಿಂದ ಇನ್ನೊಂದು ಲಾಭವೂ ಇದೆ. ‘ಗ್ರೇಟ್ ಸಸ್ಪೆಂಡರ್’ ಎಂಬುದು ನಿಷ್ಕ್ರಿಯ ಟ್ಯಾಬ್‌ಗಳನ್ನು ಮಲಗಿಸಿ ಸ್ಮೃತಿ ಉಳಿಸುತ್ತಿದ್ದ ಜನಪ್ರಿಯ ಎಕ್ಸ್‌ಟೆನ್ಷನ್. ಅದರ ಒಡೆತನ ಬೇರೆಯವರ ಕೈಗೆ ಹೋದ ಮೇಲೆ ಅದರಲ್ಲಿ ಕೇಡಿನ ತಂತ್ರಾಂಶವಿದೆ ಎಂದು ಗೂಗಲ್ 2021ರ ಫೆಬ್ರುವರಿಯಲ್ಲಿ ಅದನ್ನು ನಿಷ್ಕ್ರಿಯಗೊಳಿಸಿತು. ನಾವು ತೆರೆಯುವ ಪುಟಗಳನ್ನೆಲ್ಲ ಓದುವ ಅನುಮತಿ ಪಡೆದ ತಂತ್ರಾಂಶ ನಾಳೆ ಯಾರ ಕೈ ಸೇರೀತೆಂದು ಹೇಳಲಾಗದು.

ಗಣಕ ಕೊಠಡಿಯಲ್ಲಿ ಒಂದು ನೋಟ್‌ಪುಸ್ತಕ ಇಟ್ಟು, ಪ್ರತಿ ಕುಸಿತದ ದಿನಾಂಕ, ಗಂಟೆ, ಪುಟ, ಕೋಣೆಯ ತಾಪ ಇವನ್ನು ಬರೆಯುವ ಕೆಲಸವನ್ನು ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಿ. ತಿಂಗಳು ಕಳೆದ ಮೇಲೆ ಆ ಪುಟಗಳಲ್ಲಿ ಒಂದು ಕ್ರಮ ಕಾಣಿಸತೊಡಗುತ್ತದೆ. ಅದರ ಕಾರಣವನ್ನು ಊಹಿಸಿ, ಪರೀಕ್ಷಿಸಿ ನೋಡುವ ಕೆಲಸವನ್ನೂ ಆ ಮಕ್ಕಳಿಗೇ ಬಿಡಿ.