ಹಿಟ್ಟಿಗೊಂದು ಪಾತ್ರೆ, ಉಪ್ಪಿನಕಾಯಿಗೊಂದು ಜಾಡಿ

ಶಂಶಾಬಾದ್ ಕಡೆ ಕೆಲಸಕ್ಕೆ ಸೇರಿ, ಬಾಡಿಗೆ ಮನೆ ಹಿಡಿದು, ಸ್ವಂತ ಅಡುಗೆ ಶುರು ಮಾಡಿರುವ ನಮ್ಮ ಹುಡುಗ ಹುಡುಗಿಯರದು ಒಂದೇ ದೂರು: "ಆಂಟಿ, ಅಮ್ಮ ಹೇಳಿದ ಅಳತೆಯಲ್ಲೇ ರುಬ್ಬಿದೆ, ಇಡ್ಲಿ ಮಾತ್ರ ಕಲ್ಲು!" ಅಕ್ಕಿ, ಉದ್ದನ್ನು ಬೈಯುವ ಮೊದಲು, ಹಿಟ್ಟನ್ನು ಯಾವುದರಲ್ಲಿ ಇಟ್ಟಿರಿ ಎಂದು ನಾನು ಕೇಳುತ್ತೇನೆ.

ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವ ಕ್ರಮ ಚಾವುಂಡರಾಯನ 'ಲೋಕೋಪಕಾರ'ದಲ್ಲೇ, ಅಂದರೆ 1025ರ ಸುಮಾರಿಗೇ ಇದೆ. ಹುಳಿ ಬರುವ ಗುಟ್ಟನ್ನು ತಿಳಿಸಿದ್ದು ಮಾತ್ರ ಈಚಿನ ವಿಜ್ಞಾನ. ಬೇಳೆಯ ಜೊತೆಯಲ್ಲೇ ಬರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಜಾತಿಯವು, ರಾತ್ರಿಯಿಡೀ ಹುಳಿಯನ್ನೂ ಅನಿಲವನ್ನೂ ಹುಟ್ಟಿಸುತ್ತವೆ. ಅನಿಲ ಹಿಟ್ಟನ್ನು ಎತ್ತುತ್ತದೆ; ಹುಳಿ ಪಾತ್ರೆಯನ್ನು ತಿನ್ನುತ್ತದೆ.

ಹಿಟ್ಟು ಎರಡರಷ್ಟು ಉಬ್ಬುವುದರಿಂದ ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮುಚ್ಚಳ ಸಡಿಲವಾಗಿರಲಿ. ತಿರುಪಿನ ಮುಚ್ಚಳದ ಗಾಜಿನ ಬಾಟಲಿ ನೋಡಲು ಚೆಂದ, ಆದರೆ ಅನಿಲಕ್ಕೆ ದಾರಿಯಿಲ್ಲದಿದ್ದರೆ ಸಿಡಿಯಬಹುದು. ಮನೆಯಲ್ಲೇ ಶುಂಠಿ ಪಾನೀಯ, ದ್ರಾಕ್ಷಿ ರಸ ಹುಳಿಸುವ ಹುಮ್ಮಸ್ಸಿನವರಂತೂ (ಇದ್ದೀರಿ, ಗೊತ್ತು!) ಇದನ್ನು ಎರಡು ಸಲ ಓದಿ. ಸಕ್ಕರೆ ಇದ್ದಲ್ಲಿ ಅನಿಲದ ಒತ್ತಡ ಇನ್ನೂ ಜೋರು.

ದಿನದ ಹಿಟ್ಟಿಗೆ ಸ್ಟೀಲ್ ಡಬರಿ ಸಾಕು. ಅಲ್ಯೂಮಿನಿಯಂ ಬೇಡ. ಅಜ್ಜಿಯ ಹಿತ್ತಾಳೆ ಪಾತ್ರೆಯನ್ನು ಅಭಿಮಾನದಿಂದ ತಂದಿದ್ದರೆ ಒಳಗೆ ಕಲಾಯಿ ಇದೆಯೇ ನೋಡಿ. ಇಲ್ಲದಿದ್ದರೆ ಹುಳಿ ತಾಗಿ ಕಿಲುಬೇಳುತ್ತದೆ, ಅದು ವಿಷವೇ. ಷೋಕೇಸಿನಲ್ಲಿಡಿ.

ಇನ್ನು ಕಾವು. ಹಿಟ್ಟಿಗೆ 28-30 ಡಿಗ್ರಿ ಹಿತ. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ದಾಟಿದಾಗ ಆರು ಗಂಟೆಯಲ್ಲೇ ಉಕ್ಕಿ ಹರಿಯುತ್ತದೆ. ಜನವರಿ ರಾತ್ರಿ 15ಕ್ಕಿಂತ ಕೆಳಗಿಳಿದಾಗ ತೆಳ್ಳನೆಯ ಸ್ಟೀಲ್ ಬೇಗ ತಣ್ಣಗಾಗಿ, ಹಿಟ್ಟು ಇಟ್ಟ ಹಾಗೇ ಇರುತ್ತದೆ. ಆಗ ದಪ್ಪ ಪಿಂಗಾಣಿ ಪಾತ್ರೆ ಮೇಲು. ಇಲ್ಲವೇ ಡಬರಿಗೇ ಹಳೆಯ ಕಂಬಳಿ ಸುತ್ತಿ.

ಉಪ್ಪಿನಕಾಯಿಯ ಲೆಕ್ಕ ಬೇರೆ. ಅಲ್ಲಿ ಉಪ್ಪು, ಹುಳಿ ಎರಡೂ ತಿಂಗಳುಗಟ್ಟಲೆ ಕೂರುವುದರಿಂದ ಸ್ಟೀಲಿನಲ್ಲೂ ಸಣ್ಣ ಗುಳಿಗಳು ಬೀಳುತ್ತವೆ. ಅದಕ್ಕೇ ಜಾಡಿ. ಮಂಗಳೂರಿನವರಿಗೆ ಭರಣಿ, ತೆಲುಗಿನವರಿಗೂ ಜಾಡಿಯೇ. ಹಾಗಾಗಿ ಆವಕಾಯಿ ಕಾಲದಲ್ಲಿ ಇಲ್ಲಿನ ಅಂಗಡಿಯಲ್ಲಿ ಧೈರ್ಯವಾಗಿ ಕನ್ನಡದಲ್ಲೇ ಕೇಳಿ. ಬೆರಳಿನಿಂದ ತಟ್ಟಿ ನೋಡಿ: ಠಣ್ ಎಂದರೆ ಕೊಳ್ಳಿ, ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ಅಲಂಕಾರದ ಬಣ್ಣದ ಜಾಡಿಗಳ ಮೆರುಗಿನಲ್ಲಿ ಸೀಸವಿರಬಹುದು, ಹುಳಿಗೆ ಅದು ಬಿಟ್ಟುಕೊಳ್ಳುತ್ತದೆ; ತಿನ್ನುವ ಪದಾರ್ಥಕ್ಕೆಂದೇ ಮಾಡಿದ್ದನ್ನು ಕೇಳಿ ಪಡೆಯಿರಿ. ತಂದ ಮೇಲೆ ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗಿಡಿ. ಒಳಗೆ ಒಂದು ಹನಿ ನೀರು ಉಳಿದರೂ ಬೂಷ್ಟು ಬರುತ್ತದೆ.