ರಬ್ಬರ್ ಶೀಟಿನಲ್ಲಿ ತಾಮ್ರದ ಅಂಶ: ಕ್ರಿಯಾವರ್ಧಕ ಮತ್ತು ಮಧ್ಯವರ್ತಿ ವಸ್ತುಗಳನ್ನು ಗುರುತಿಸುವ ಬಗೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಅಡಿಕೆ ಮತ್ತು ರಬ್ಬರ್ ತೋಟಗಳು ಅಕ್ಕಪಕ್ಕದಲ್ಲಿರುವುದು ಸಾಮಾನ್ಯ. ಅಡಿಕೆಯ ಕೊಳೆರೋಗದ (ಮಹಾಳಿ) ಹತೋಟಿಗೆ ಮುಂಗಾರಿನ ಆರಂಭದಲ್ಲಿ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಲಾಗುತ್ತದೆ. ರಬ್ಬರಿನ ಎಲೆ ಉದುರುವ ರೋಗಕ್ಕೂ ತಾಮ್ರಯುಕ್ತ ಔಷಧಿಗಳು ಬಳಕೆಯಲ್ಲಿವೆ. ಬೆಳೆಯನ್ನು ಕಾಪಾಡುವ ಇದೇ ತಾಮ್ರವು ರಬ್ಬರ್ ಹಾಲಿಗೆ ಸೇರಿದಲ್ಲಿ, ಒಣಗಿದ ಶೀಟು ದಾಸ್ತಾನಿನಲ್ಲಿ ಅಂಟಂಟಾಗಿ ಬಲವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಕಾರಣವಾದ ರಾಸಾಯನಿಕ ಕ್ರಿಯೆಯನ್ನು ಬೆಳೆಗಾರರ ಮತ್ತು ವಿದ್ಯಾರ್ಥಿಗಳ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ವ್ಯಾಖ್ಯೆ

ಕ್ರಿಯಾವರ್ಧಕ: ಕ್ರಿಯೆಯ ಆರಂಭದಲ್ಲಿಯೇ ಇದ್ದು, ಅದರಲ್ಲಿ ಪಾಲ್ಗೊಂಡು ವೇಗವನ್ನು ಹೆಚ್ಚಿಸಿ, ಕೊನೆಯಲ್ಲಿ ಮೊದಲಿನ ರೂಪದಲ್ಲಿಯೇ ಮರಳಿ ದೊರೆಯುವ ವಸ್ತು.

ಮಧ್ಯವರ್ತಿ: ಆರಂಭದಲ್ಲಿ ಇಲ್ಲದೆ, ಒಂದು ಹಂತದಲ್ಲಿ ಉಂಟಾಗಿ ಮುಂದಿನ ಹಂತದಲ್ಲಿ ವ್ಯಯವಾಗುವ ವಸ್ತು.

ಒಟ್ಟು ಸಮೀಕರಣದಲ್ಲಿ ಇವೆರಡೂ ಕಾಣಿಸುವುದಿಲ್ಲ. ಆದುದರಿಂದಲೇ ಒಂದನ್ನು ಇನ್ನೊಂದೆಂದು ತಿಳಿಯುವ ಸಂಭವವಿದೆ. ಹಂತಗಳನ್ನು ಒಂದರ ಕೆಳಗೊಂದು ಬರೆದಾಗ ವಸ್ತುವು ಮೊದಲ ಬಾರಿಗೆ ಬಾಣದ ಎಡಗಡೆ ಕಂಡು, ಅನಂತರ ಬಲಗಡೆ ಮರಳಿ ಬಂದರೆ ಅದು ಕ್ರಿಯಾವರ್ಧಕ. ಮೊದಲು ಬಲಗಡೆ ಕಂಡು, ಅನಂತರ ಎಡಗಡೆ ಬಂದು ಮುಗಿದುಹೋದರೆ ಅದು ಮಧ್ಯವರ್ತಿ.

ಶೀಟಿನಲ್ಲಿ ನಡೆಯುವ ಕ್ರಿಯೆ

ರಬ್ಬರ್ ಎಂಬುದು ಐಸೋಪ್ರೀನ್ ಘಟಕಗಳ ಉದ್ದನೆಯ ಸರಪಳಿ. ಅದು ಗಾಳಿಯಲ್ಲಿ ಕೆಡುವ ಬಗೆಯನ್ನು ಸರಳವಾಗಿ ಹೀಗೆ ಬರೆಯಬಹುದು.

1. ರಬ್ಬರ್ + ಆಮ್ಲಜನಕ → ಹೈಡ್ರೋಪೆರಾಕ್ಸೈಡ್
2. ಹೈಡ್ರೋಪೆರಾಕ್ಸೈಡ್ + ತಾಮ್ರ (2) → ಕ್ರಿಯಾಶೀಲ ತುಣುಕು + ತಾಮ್ರ (1)
3. ಇನ್ನೊಂದು ಹೈಡ್ರೋಪೆರಾಕ್ಸೈಡ್ + ತಾಮ್ರ (1) → ಕ್ರಿಯಾಶೀಲ ತುಣುಕು + ತಾಮ್ರ (2)

ಕ್ರಿಯಾಶೀಲ ತುಣುಕುಗಳು ಹೊಸ ಸರಪಳಿಗಳ ಮೇಲೆ ವರ್ತಿಸುವುದರಿಂದ ಸರಪಳಿಗಳು ತುಂಡಾಗುತ್ತವೆ. ಮತ್ತಷ್ಟು ಹೈಡ್ರೋಪೆರಾಕ್ಸೈಡ್ ಉಂಟಾಗುತ್ತದೆ. ಸರಪಳಿ ಗಿಡ್ಡವಾದಂತೆ ಶೀಟು ಅಂಟಾಗುತ್ತದೆ.

ಮೇಲಿನ ನಿಯಮವನ್ನು ಅನ್ವಯಿಸಿದರೆ, ಹೈಡ್ರೋಪೆರಾಕ್ಸೈಡ್ ಮೊದಲು ಬಲಗಡೆ ಕಾಣಿಸಿ ಅನಂತರ ವ್ಯಯವಾಗಿರುವುದರಿಂದ ಅದು ಮಧ್ಯವರ್ತಿ. ಮೈಲುತುತ್ತಿನಿಂದ ಬಂದ ತಾಮ್ರ (2) ಮೊದಲು ಎಡಗಡೆ ಕಾಣಿಸಿ, ಮೂರನೆಯ ಹಂತದಲ್ಲಿ ಮರಳಿ ಬಂದಿರುವುದರಿಂದ ಅದು ಕ್ರಿಯಾವರ್ಧಕ. ತಾಮ್ರ (1) ನಡುವೆ ಹುಟ್ಟಿ ನಡುವೆಯೇ ಮುಗಿಯುವುದರಿಂದ ಅದೂ ಮಧ್ಯವರ್ತಿಯೇ. ಒಂದೇ ಲೋಹದ ಎರಡು ರೂಪಗಳು ಎರಡು ಬೇರೆ ಪಾತ್ರಗಳನ್ನು ವಹಿಸಬಹುದೆಂಬುದನ್ನು ಇಲ್ಲಿ ಗಮನಿಸಬೇಕು.

ಈ ವ್ಯತ್ಯಾಸದ ಮಹತ್ವ

ಮಧ್ಯವರ್ತಿಯು ಉಂಟಾದಷ್ಟೇ ವ್ಯಯವಾಗುತ್ತದೆ. ಕ್ರಿಯಾವರ್ಧಕವು ವ್ಯಯವಾಗುವುದಿಲ್ಲ. ಹತ್ತು ಲಕ್ಷ ಭಾಗ ರಬ್ಬರಿನಲ್ಲಿ ಕೆಲವೇ ಭಾಗ ತಾಮ್ರವಿದ್ದರೂ ಅದು ಮತ್ತೆ ಮತ್ತೆ ಅದೇ ಕಾರ್ಯವನ್ನು ನಡೆಸುತ್ತದೆ. ಒಣಗಿದ ಶೀಟಿನೊಳಗೆ ಸೇರಿದ ತಾಮ್ರವನ್ನು ತೆಗೆಯಲು ಬೆಳೆಗಾರರಿಗೆ ಸುಲಭ ಉಪಾಯವಿಲ್ಲ. ಆದುದರಿಂದ ಹಾಲಿನ ಹಂತದಲ್ಲಿಯೇ ಎಚ್ಚರಿಕೆ ವಹಿಸುವುದು ಅಗತ್ಯ.

ನೆರವಾಗುವ ವಸ್ತುಗಳೆಲ್ಲವೂ ಕ್ರಿಯಾವರ್ಧಕಗಳಲ್ಲ

ಬೋರ್ಡೋ ದ್ರಾವಣದಲ್ಲಿ 1 ಕಿಲೋಗ್ರಾಂ ಮೈಲುತುತ್ತು, 1 ಕಿಲೋಗ್ರಾಂ ಸುಣ್ಣ ಮತ್ತು 100 ಲೀಟರ್ ನೀರು ಇರುತ್ತವೆ. ಇಲ್ಲಿ ಸುಣ್ಣವು ಮೈಲುತುತ್ತಿನೊಡನೆ ವರ್ತಿಸಿ ವ್ಯಯವಾಗುವ ಪ್ರತಿವರ್ತಕ. ಸುಣ್ಣ ಸಾಲದಿದ್ದರೆ ತಾಮ್ರ ಕರಗಿದ ಸ್ಥಿತಿಯಲ್ಲಿ ಉಳಿಯುತ್ತದೆ. ಅದ್ದಿದ ಕಬ್ಬಿಣದ ಚೂರಿಯ ಮೇಲೆ ಕೆಂಪು ಲೇಪ ಕಾಣಿಸುತ್ತದೆ. ಆಗ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಹಾಲನ್ನು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲವೂ ಕ್ರಿಯಾವರ್ಧಕವಲ್ಲ. ರಬ್ಬರ್ ಕಣಗಳ ಋಣ ವಿದ್ಯುದಂಶವನ್ನು ತಟಸ್ಥಗೊಳಿಸಲು ಅದು ಬಳಕೆಯಾಗುತ್ತದೆ. ಆದುದರಿಂದ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಅಳೆದು ಹಾಕಬೇಕು.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು

• ಬೋರ್ಡೋ ದ್ರಾವಣಕ್ಕೆ ಬಳಸಿದ ಬಕೆಟ್, ಡ್ರಮ್ ಮತ್ತು ಬಟ್ಟೆಗಳನ್ನು ರಬ್ಬರ್ ಹಾಲಿಗೆ ಬಳಸಬಾರದು.
• ಹಾಲು ಸಂಗ್ರಹಿಸಲು ಮತ್ತು ಹೆಪ್ಪುಗಟ್ಟಿಸಲು ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಗಳನ್ನು ಉಪಯೋಗಿಸಬಾರದು.
• ಪಕ್ಕದ ಅಡಿಕೆ ತೋಟದಲ್ಲಿ ಸಿಂಪಡಣೆ ನಡೆಯುವಾಗ ಹಾಲಿನ ಗೆರಟೆ ಅಥವಾ ಕಪ್‌ಗಳನ್ನು ಕವುಚಿ ಇಡಬೇಕು.
• ಸಿಂಪಡಣೆಯ ಅನಂತರ ಕಪ್‌ಗಳನ್ನು ತೊಳೆದೇ ಟ್ಯಾಪಿಂಗ್ ಮಾಡಬೇಕು.
• ಶೀಟುಗಳನ್ನು ಚೆನ್ನಾಗಿ ತೊಳೆದು, ಬಿಸಿಲು ತಾಗದಂತೆ ದಾಸ್ತಾನು ಮಾಡಬೇಕು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ರಬ್ಬರ್ ಮಂಡಳಿಯ ಕ್ಷೇತ್ರಾಧಿಕಾರಿಗಳನ್ನು ಸಂಪರ್ಕಿಸಬಹುದು.