ಕಬ್ಬಿಣ ಎತ್ತಿದ ಕೈಯಲ್ಲೇ ‘ಶಾಂತಲಾ’

ಕನ್ನಡ ಕಾದಂಬರಿಗಳನ್ನು ಓದಿಕೊಂಡು ಬೆಳೆದವರಿಗೆ ಕೆ.ವಿ. ಅಯ್ಯರ್ ಎಂದರೆ ‘ಶಾಂತಲಾ’, ‘ರೂಪದರ್ಶಿ’ ಬರೆದವರು. ಯೋಗದ ಚರಿತ್ರೆಯನ್ನು ಕೆದಕುವ ಪಶ್ಚಿಮದ ವಿದ್ವಾಂಸರಿಗೆ ಅದೇ ಹೆಸರು ಬೇರೊಂದು ಕಾರಣಕ್ಕೆ ಗೊತ್ತು: ತುಂಡು ಬಟ್ಟೆ ತೊಟ್ಟು, ಎದೆ ಸೆಟೆಸಿ, ಹೊಟ್ಟೆಯ ಸ್ನಾಯುಗಳನ್ನು ಹಗ್ಗದಂತೆ ಹುರಿಗಟ್ಟಿಸಿ ಕ್ಯಾಮೆರಾ ಮುಂದೆ ನಿಂತ ಬೆಂಗಳೂರಿನ ದೇಹದಾರ್ಢ್ಯ ಪಟು. ಇಬ್ಬರೂ ಒಬ್ಬರೇ ಎಂದಾಗ ಎರಡೂ ಕಡೆಯವರು ಹುಬ್ಬೇರಿಸುವುದುಂಟು.

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ, ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ. ಅವರು ಹುಡುಗರಾಗಿದ್ದಾಗ ಲೋಕದಲ್ಲೆಲ್ಲ ಸ್ಯಾಂಡೋ ಹೆಸರು. ಪ್ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಯೂಜೆನ್ ಸ್ಯಾಂಡೋ ಸರ್ಕಸ್ಸಿನವರಂತೆ ಭಾರ ಎತ್ತಿಯೇ ಹೆಸರು ಮಾಡಿದವನಾದರೂ ಅಷ್ಟಕ್ಕೇ ನಿಲ್ಲಲಿಲ್ಲ. ಗ್ರೀಕ್ ಶಿಲ್ಪಗಳ ಅಳತೆಯನ್ನು ತನ್ನ ಮೈಮೇಲೆ ತರಬೇಕೆಂದು ಹೊರಟ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನು ನಡೆಸಿದ ಸ್ಪರ್ಧೆಯನ್ನು ದೇಹದಾರ್ಢ್ಯದ ಮೊದಲ ದೊಡ್ಡ ಸ್ಪರ್ಧೆ ಎನ್ನುತ್ತಾರೆ. ಅಲ್ಲಿ ಅವನ ಜೊತೆ ತೀರ್ಪುಗಾರರಾಗಿ ಕುಳಿತವರು ಷರ್ಲಾಕ್ ಹೋಮ್ಸ್ ಕಥೆಗಳ ಆರ್ಥರ್ ಕಾನನ್ ಡಾಯ್ಲ್ ಮತ್ತು ಚಾರ್ಲ್ಸ್ ಲಾಸ್ ಎಂಬ ಶಿಲ್ಪಿ. ಒಬ್ಬ ಕತೆಗಾರ, ಒಬ್ಬ ಶಿಲ್ಪಿ! ಅಯ್ಯರ್ ಅವರ ಮುಂದಿನ ಬದುಕನ್ನು ನೋಡಿದವರಿಗೆ ಈ ಜೋಡಿ ಸ್ವಾರಸ್ಯವಾಗಿ ಕಂಡೀತು. 1904–05ರಲ್ಲಿ ಸ್ಯಾಂಡೋ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ.

ಹಾಗೆಂದು ಮೈ ಬೆಳೆಸುವುದನ್ನು ಯಾರೋ ಬಂದು ನಮಗೆ ಕಲಿಸಬೇಕಿರಲಿಲ್ಲ. ಹಳೆಯ ಮೈಸೂರಿನ ಊರೂರಲ್ಲಿ ಗರಡಿ ಮನೆಗಳಿದ್ದವು. ಕೆಮ್ಮಣ್ಣಿನ ಅಖಾಡ, ಮೂಲೆಯಲ್ಲಿ ಗದೆ, ದಂಡ, ಬಸ್ಕಿ, ಬೆಳಗಿನ ಜಾವದ ಸಾಮು, ಮೇಲೊಬ್ಬ ಉಸ್ತಾದ. ದಸರಾಕ್ಕೆ ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ. ಆದರೆ ಗರಡಿಯಲ್ಲಿ ಮೈ ಬೆಳೆಸುತ್ತಿದ್ದುದು ಕುಸ್ತಿಗಾಗಿ. ಎದುರಾಳಿಯನ್ನು ಚಿತ್ ಮಾಡುವ ಪೈಲ್ವಾನನಿಗೆ ಹೊಟ್ಟೆ ಒಂದಿಷ್ಟು ಮುಂದೆ ಬಂದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಯಾರನ್ನೂ ಕೆಡವದೆ, ಸುಮ್ಮನೆ ನಿಂತು ನೋಡಿಸಿಕೊಳ್ಳುವುದಕ್ಕಾಗಿ ಮೈಯನ್ನು ತಿದ್ದುವುದೆಂದರೆ ಅದು ಹೊಸ ಮಾತು. ಬೆಂಗಳೂರಿನ ವಿದ್ಯಾರ್ಥಿಗಳಿಗೂ ಗುಮಾಸ್ತರಿಗೂ ಆ ಮಾತನ್ನು ಒಪ್ಪಿಸಿದ್ದು ಅಯ್ಯರ್.

ಇಪ್ಪತ್ತರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದರು. ಹೆಸರು ಗ್ರೀಕ್ ವೀರನದು, ಒಳಗಿನ ಪಾಠ ಮಾತ್ರ ಮಿಶ್ರ. ಡಂಬೆಲ್ಸ್, ಬಾರ್‌ಬೆಲ್‌ಗಳ ಜೊತೆಗೇ ದಂಡ, ಬಸ್ಕಿ, ಹಠಯೋಗದ ಆಸನ, ಸೂರ್ಯನಮಸ್ಕಾರ. ಕಬ್ಬಿಣ ಎತ್ತಿದರೆ ಹೊರಗಿನ ಸ್ನಾಯು ಬೆಳೆಯುತ್ತದೆ, ಒಳಗಿನ ಅಂಗಗಳು ಚೊಕ್ಕಟವಾಗಿರಬೇಕಾದರೆ ಆಸನ ಬೇಕು ಎಂಬುದು ಅವರ ಲೆಕ್ಕ. ‘ಯೋಗಿಕ್ ಫಿಸಿಕಲ್ ಕಲ್ಚರ್’ ಎಂಬ ಪುಸ್ತಕ ಬರೆದ ಸುಂದರಂ ಅವರೂ ಈ ಕೆಲಸದಲ್ಲಿ ಜೊತೆಗಿದ್ದರು. ಇಬ್ಬರೂ ಸೇರಿ ಉಪನ್ಯಾಸ, ಪ್ರಾತ್ಯಕ್ಷಿಕೆಗಳನ್ನು ಕೊಡುತ್ತಿದ್ದರು.

ಅಯ್ಯರ್ ಅವರ ಇಂಗ್ಲಿಷ್ ಪುಸ್ತಕಗಳು ಸಾಲಾಗಿ ಬಂದವು: 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’, 1937ರಲ್ಲಿ ‘ಸೂರ್ಯ ನಮಸ್ಕಾರ್’. ಅವುಗಳಲ್ಲಿರುವ ಲೇಖಕರ ಚಿತ್ರಗಳನ್ನು ಇಂದು ನೋಡಿದರೂ ಕಣ್ಣು ನಿಲ್ಲುತ್ತದೆ. ಇಂದಿನ ವೇದಿಕೆಗಳಲ್ಲಿ ಕಾಣುವ ಉಬ್ಬರ ಅಲ್ಲಿಲ್ಲ. ಸಣ್ಣ ಸೊಂಟ, ಅಗಲ ಭುಜ, ಒಂದೊಂದು ಸ್ನಾಯುವಿಗೂ ಅದರದೇ ಗೆರೆ. ಟೆಸ್ಟೋಸ್ಟೆರಾನ್ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದೇ 1935ರಲ್ಲಿ, ಡಯಾನಬಾಲ್ ಎಂಬ ಸ್ಟೀರಾಯ್ಡ್ ಗುಳಿಗೆ ಅಮೆರಿಕದ ಪೇಟೆಗೆ ಬಂದದ್ದು 1958ರಲ್ಲಿ. ‘ಮಸಲ್ ಕಲ್ಟ್’ನ ಮೈ ಅದಕ್ಕೆಲ್ಲ ಮೊದಲಿನದು. ಆ ಬಗ್ಗೆ ಅವರಿಗೆ ವಿನಯವೇನೂ ಇರಲಿಲ್ಲ. ದೇವತೆಗಳೂ ಆಸೆಪಡಬೇಕಾದ ದೇಹ ಎಂಬ ಧಾಟಿಯಲ್ಲಿ ತಮ್ಮನ್ನು ತಾವೇ ಬಣ್ಣಿಸಿಕೊಂಡವರು ಅವರು. ಬೇರೆಯವರು ಹೀಗೆ ಬರೆದಿದ್ದರೆ ನಗಬಹುದಿತ್ತು. ಎದುರು ಪುಟದ ಚಿತ್ರ ನಗುವುದಕ್ಕೆ ಬಿಡುವುದಿಲ್ಲ. ಬೆಂಗಳೂರಿಗೆ ಬರಲಾಗದವರಿಗೆ ಅಂಚೆಯ ಮೂಲಕವೂ ಪಾಠ ಹೋಗುತ್ತಿತ್ತು.

ಸೂರ್ಯನಮಸ್ಕಾರದ ವಿಷಯವನ್ನು ಇನ್ನಷ್ಟು ಹೇಳಬೇಕು. ಅದನ್ನು ಎಲ್ಲರೂ ಮಾಡಬಹುದಾದ ವ್ಯಾಯಾಮವಾಗಿ ಪ್ರಚಾರಕ್ಕೆ ತಂದವರಲ್ಲಿ ದೊಡ್ಡ ಹೆಸರು ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ ಅವರದು. ಅದೇ ಕಾಲದಲ್ಲಿ ಅಯ್ಯರ್ ಬೆಂಗಳೂರಿನಲ್ಲಿ ಅದನ್ನು ದೇಹದಾರ್ಢ್ಯದ ಒಂದು ಅಂಗವಾಗಿ ಕಲಿಸುತ್ತಿದ್ದರು. ಇತ್ತ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ 1933ರಲ್ಲಿ ಶುರುವಾಗಿತ್ತು. ಮುಂದೆ ಯೋಗವನ್ನು ಲೋಕಕ್ಕೆ ಹಂಚಿದ ಪಟ್ಟಾಭಿ ಜೋಯಿಸರು, ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಕೃಷ್ಣಮಾಚಾರ್ಯರ ಶಿಷ್ಯರು. ಅಯ್ಯಂಗಾರ್ ಅವರ ಬೆಳ್ಳೂರೂ ಕೋಲಾರ ಜಿಲ್ಲೆಯದೇ. ಯೋಗಶಾಲೆಗೂ ಅಯ್ಯರ್ ಅವರಿಗೂ ಆಸರೆಯಾಗಿದ್ದ ದೊರೆ ಒಬ್ಬರೇ, ನಾಲ್ವಡಿ ಕೃಷ್ಣರಾಜ ಒಡೆಯರು. ಇಂದಿನ ಯೋಗದ ತರಗತಿಗಳಲ್ಲಿ ಕಾಣುವ ಚುರುಕಿನ ಅಭ್ಯಾಸಕ್ಕೆ ಆ ಕಾಲದ ವ್ಯಾಯಾಮಶಾಲೆಗಳ ನಂಟೂ ಇದೆ ಎಂದು ಮಾರ್ಕ್ ಸಿಂಗಲ್ಟನ್ 2010ರ ‘ಯೋಗ ಬಾಡಿ’ ಪುಸ್ತಕದಲ್ಲಿ ವಾದಿಸಿದರು. ಅಲ್ಲಿ ಅಯ್ಯರ್ ಅವರಿಗೂ ಜಾಗವಿದೆ. ಆ ವಾದವನ್ನು ಪೂರ್ತಿ ಒಪ್ಪದವರು ಬೇಕಾದಷ್ಟು ಜನ ಇದ್ದಾರೆ, ಇರಲಿ. ಕನ್ನಡದವರು ಕಾದಂಬರಿಗಳ ಸಾಲಿನಲ್ಲಿ ಇಟ್ಟು ಮರೆತ ಪಟುವನ್ನು ಹೊರಗಿನವರು ಮತ್ತೆ ಹುಡುಕಿದ್ದಂತೂ ಹೌದು.

ಅರಮನೆಯ ಕೃಪೆಗೆ ಒಂದು ಕತೆಯಿದೆ. ಪಾರ್ಶ್ವವಾಯುವಿನಿಂದ ಬಳಲಿದ ನಾಲ್ವಡಿಯವರಿಗೆ ಅಯ್ಯರ್ ಅಂಗಮರ್ದನ, ವ್ಯಾಯಾಮಗಳಿಂದ ಆರೈಕೆ ಮಾಡಿದರು, ಅದಕ್ಕೆ ಮೆಚ್ಚಿ ಅರಸರು ವ್ಯಾಯಾಮಶಾಲೆಯ ಕಟ್ಟಡಕ್ಕೆ ನೆರವಾದರು ಎನ್ನುತ್ತಾರೆ. ಇಂದಿನ ಜೆ.ಸಿ. ರಸ್ತೆಯ ಆ ವ್ಯಾಯಾಮಶಾಲೆ ತಲೆಯೆತ್ತಿದ್ದು 1940ರಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ ಅರಸರು ತೀರಿಕೊಂಡರು.

ಅಯ್ಯರ್ ಅವರ ಬಳಗದಲ್ಲಿ ಕಬ್ಬಿಣದ ಸದ್ದಿನಷ್ಟೇ ನಾಟಕದ ಮಾತೂ ಇತ್ತು. ನಾಟಕಕಾರ ಟಿ.ಪಿ. ಕೈಲಾಸಂ ಅಯ್ಯರ್ ಅವರಿಗೆ ಆಪ್ತ. ಕೈಲಾಸಂ ಲಂಡನ್ನಿನಲ್ಲಿದ್ದಾಗ ಸ್ಯಾಂಡೋ ಬಳಿ ಕಸರತ್ತು ಕಲಿತಿದ್ದರೆಂಬ ಪ್ರತೀತಿ ಇದೆ. ನಾಟಕಗಳನ್ನು ಕೂತು ಬರೆಯದೆ ಬಾಯಲ್ಲಿ ಹೇಳಿ ಬರೆಸುತ್ತಿದ್ದ ಆ ಮನುಷ್ಯನ ಸುತ್ತ ಬರೆದುಕೊಳ್ಳುವವರು, ಕೇಳುವವರು, ಕಾಫಿ ತರಿಸುವವರು ಯಾವಾಗಲೂ ಇರಬೇಕಾಗಿತ್ತು. ಗೆಳೆಯ ತೀರಿಕೊಂಡ ಮೇಲೆ ಅಯ್ಯರ್ ‘ಕೈಲಾಸಂ ಸ್ಮರಣೆ’ ಬರೆದರು. ಅವರು ಕಟ್ಟಿದ ‘ರವಿ ಕಲಾವಿದರು’ ತಂಡ ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ಹೆಸರು ಮಾಡಿತು.

ಇಷ್ಟಾದರೂ ಅವರ ಕಾದಂಬರಿಗಳನ್ನು ಪೈಲ್ವಾನರ ಬಿಡುವಿನ ಹವ್ಯಾಸವೆಂದು ನೋಡಿದರೆ ತಪ್ಪಾಗುತ್ತದೆ. ಅವು ಹುಟ್ಟಿದ್ದು ಮೈಯನ್ನು ಅಳೆಯುವ ಅದೇ ಕಣ್ಣಿನಿಂದ. ‘ಶಾಂತಲಾ’ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯ ಕತೆ. ನರ್ತಕಿಯಾಗಿ ಹೆಸರಾದ ರಾಣಿ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಕಾಲ. ಬೇಲೂರಿನ ಮದನಿಕೆಯರನ್ನು ನೋಡಿದವರು ಒಡವೆ, ಮುಖದ ಚೆಲುವು ಅನ್ನುತ್ತಾರೆ. ಸೊಂಟ ಎಲ್ಲಿ ಬಳುಕಿದರೆ ಭಾರ ಯಾವ ಕಾಲಿಗೆ ಬೀಳುತ್ತದೆ ಎಂದು ವ್ಯಾಯಾಮದ ಮೇಷ್ಟರಿಗೆ ಮೊದಲು ತೋರಬೇಕು.

‘ರೂಪದರ್ಶಿ’ಯಲ್ಲಿ ಇದು ಇನ್ನೂ ನೇರ. ಕತೆ ಇಟಲಿಯದು, ಕಲಾವಿದ ಮೈಕೆಲೇಂಜೆಲೊ. ಎಳೆಯ ಕ್ರಿಸ್ತನಿಗೆ ಮಾದರಿಯಾಗಿ ಅವನು ಕಂಡುಕೊಂಡ ಮುದ್ದು ಮಗುವೇ ಎಷ್ಟೋ ವರ್ಷಗಳ ಮೇಲೆ ಜುದಾಸನ ಮಾದರಿಯಾಗಿ ಅವನ ಮುಂದೆ ಬಂದು ನಿಲ್ಲುತ್ತದೆ. ಲಿಯೊನಾರ್ಡೊ ಹೆಸರಿನಲ್ಲಿ ಯುರೋಪಿನಲ್ಲಿ ಓಡಾಡುತ್ತಿದ್ದ ಐತಿಹ್ಯವನ್ನು ಅಯ್ಯರ್ ಎತ್ತಿಕೊಂಡು ಬೇರೆ ಮಾಡಿದರು. ಸಾಮಾನ್ಯವಾಗಿ ಇದನ್ನು ಪಾಪ–ಪಶ್ಚಾತ್ತಾಪದ ಕತೆಯಾಗಿ ಓದುತ್ತಾರೆ. ಆದರೆ ಬದುಕು ಮೈಯ ಮೇಲೆ ಬರೆಯುವುದನ್ನು ದಿನವೂ ಕನ್ನಡಿಯಲ್ಲಿ ಓದುತ್ತಿದ್ದವರು ಇದನ್ನು ಬರೆದರೆಂದು ನೆನಪಾದಾಗ ಅದರ ಭಯವೇ ಬೇರೆಯಾಗುತ್ತದೆ.

ಅಯ್ಯರ್ ಮೆರೆದ ಕಾಲ ಪದಕ, ಕಿರೀಟಗಳ ಕಾಲಕ್ಕಿಂತ ಮೊದಲಿನದು. ಭಾರತೀಯರಿಗೆ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ಗೆಲುವು ಸಿಕ್ಕಿದ್ದು 1951ರಲ್ಲಿ ಮನತೋಷ್ ರಾಯ್, 1952ರಲ್ಲಿ ಮನೋಹರ್ ಐಚ್ ಅವರಿಂದ. ಇಬ್ಬರೂ ಬಂಗಾಳದವರು, ಐಚ್ ಅವರ ಎತ್ತರ ಐದು ಅಡಿಯನ್ನೂ ಮುಟ್ಟಿರಲಿಲ್ಲ. ಅಯ್ಯರ್ ಅಷ್ಟರಲ್ಲಿ ಐವತ್ತು ದಾಟಿದ್ದರು. ಅವರು ತೀರಿಕೊಂಡದ್ದು 1980ರಲ್ಲಿ.

ಅವರ ಶಿಷ್ಯರಲ್ಲಿ ಮುಂಬೈಯ ರಮೇಶ್ ಬಾಲ್ಸೇಕರ್ ಒಬ್ಬರು. ಮೂವತ್ತರ ದಶಕದಲ್ಲಿ ಮೈಕಟ್ಟಿಗೆ ಹೆಸರಾಗಿದ್ದ ಆ ಯುವಕ ತನ್ನ ಚಿತ್ರಗಳಿರುವ ‘ಸ್ಟ್ರೀಮ್‌ಲೈನ್ಸ್’ ಎಂಬ ಪುಸ್ತಕವನ್ನೂ ತಂದ. ಮುಂದೆ ಬ್ಯಾಂಕ್ ಆಫ್ ಇಂಡಿಯಾದ ಅತ್ಯುನ್ನತ ಹುದ್ದೆಗೇರಿ, ನಿವೃತ್ತರಾದ ಮೇಲೆ ನಿಸರ್ಗದತ್ತ ಮಹಾರಾಜರ ಶಿಷ್ಯರಾಗಿ, ದೇಶವಿದೇಶಗಳಿಂದ ಬಂದವರಿಗೆ ತಮ್ಮ ಮನೆಯಲ್ಲೇ ಅದ್ವೈತ ಹೇಳುತ್ತ ಕುಳಿತರು.